ಅಜ್ಜಿಯ ಪಕ್ಕದ ಎಲೆ

ನಮ್ಮ ತೋಟದ ಗೇಟಿಗೆ ಬೀಗ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಅಲ್ಲಿ ಸಿಕ್ಕಿಬಿದ್ದಿದ್ದೆ ಎಂದಾಗಲೆಲ್ಲ ಜನ ಮೊದಲು ಕೇಳುವುದು ಬೀಗದ ವಿಷಯವನ್ನೇ. ಹೊಡೆಯುತ್ತಿದ್ದರಾ, ಉಪವಾಸ ಕೆಡವುತ್ತಿದ್ದರಾ ಎನ್ನುತ್ತಾರೆ. ಇಲ್ಲ. ಹೊಡೆದಿದ್ದರೆ ಎಂದೋ ಎದ್ದು ಬರುತ್ತಿದ್ದೆ. ಅವರೆಲ್ಲ ಒಳ್ಳೆಯವರು. ಒಳ್ಳೆಯವರ ಕೈಯಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎನ್ನುವುದು ಸಿಕ್ಕಿಬಿದ್ದವರಿಗೇ ಗೊತ್ತು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ, ಕಾಲುವೆ ನೀರು ಮುಟ್ಟುವ ಕೊನೆಯ ಹೊಲಗಳಲ್ಲಿ ನಮ್ಮ ಬಾಳೆತೋಟ. ತೋಟದ ನಡುವೆ ತಗಡಿನ ಮನೆಗಳ ಒಂದು ಸಾಲು, ಪ್ರಾರ್ಥನೆಗೊಂದು ಚಪ್ಪರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಆರೇಳು ಕುಟುಂಬಗಳಿದ್ದೆವು. ಯೇಸುವಿನ ಶಿಷ್ಯರು ಆತ ಹೋದ ಮೇಲೆ ಯೆರೂಸಲೇಮಿನಲ್ಲಿ ಹೇಗೆ ಬದುಕಿದರೋ ಹಾಗೆಯೇ ಬದುಕಬೇಕೆಂದು ಬಂದು ಸೇರಿದವರು. ಆದಿಸಭೆ ಎನ್ನುತ್ತಿದ್ದರು ಅದನ್ನು. ಇದ್ದದ್ದನ್ನೆಲ್ಲ ಒಂದೇ ಕಡೆ ತಂದಿಟ್ಟು, ಒಂದೇ ಒಲೆಯ ಮೇಲೆ ಬೇಯಿಸಿ, ಒಂದೇ ಸಾಲಿನಲ್ಲಿ ಉಣ್ಣುವುದು. ಯಾವುದನ್ನೂ ನನ್ನದು ಅನ್ನಬಾರದು. ಒಮ್ಮೆ ಬಾಯಿ ತಪ್ಪಿ 'ನನ್ನ ಬಾಚಣಿಗೆ ಎಲ್ಲಿ' ಎಂದು ಕೂಗಿದ್ದೆ. ಯಾರೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಕಿಟಕಿಯ ಕಟ್ಟೆಯ ಮೇಲೆ ಎಲ್ಲ ಮನೆಗಳ ಬಾಚಣಿಗೆಗಳೂ ಬಂದು ಕೂತಿದ್ದವು. 

ನಾವು ಅಲ್ಲಿಗೆ ಬಂದಾಗ ನಾನು ಏಳನೇ ತರಗತಿಯಲ್ಲಿದ್ದೆ. ಅದಕ್ಕೆ ಮುಂಚೆ ಕಂಪ್ಲಿಯಲ್ಲಿದ್ದೆವು. ಅಪ್ಪ ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿ ಓಡಿಸುತ್ತಿದ್ದ. ಒಂದು ದಿನ ಇಳಿಜಾರಿನಲ್ಲಿ ಬ್ರೇಕ್ ಹೋಗಿ ಲಾರಿ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಆ ಹೊತ್ತಿನಲ್ಲಿ ಅಪ್ಪನ ಬಾಯಿಗೆ ಬಂದದ್ದು ಮನೆದೇವರ ಹೆಸರಲ್ಲ. ಹಿಂದಿನ ವಾರ ಕೈ ಅಡ್ಡ ಹಾಕಿ ಲಾರಿ ಹತ್ತಿದ್ದ ಒಬ್ಬ ಬಿಳಿ ಅಂಗಿಯ ಮನುಷ್ಯ ದಾರಿಯುದ್ದಕ್ಕೂ ಹೇಳಿದ್ದ ಯೇಸುವಿನ ಹೆಸರು. ಆ ಬಿಳಿ ಅಂಗಿಯವನೇ ಬಾಳೆತೋಟದ ಹಿರಿಯಣ್ಣ, ಸಭೆಯನ್ನು ನಡೆಸುತ್ತಿದ್ದವನು. ಮುಂದೆ ಅಪ್ಪ ಸ್ಟೇರಿಂಗ್ ಮುಟ್ಟಲಿಲ್ಲ. ಅದಿರಿಗೆ ಬಂಗಾರದ ಬೆಲೆ ಬಂದು, ನಿನ್ನೆಯ ಕ್ಲೀನರುಗಳೆಲ್ಲ ಇವತ್ತು ಟಿಪ್ಪರ್ ಮಾಲೀಕರಾಗುತ್ತಿದ್ದ ಕಾಲದಲ್ಲಿ ಅಪ್ಪ ಕುಡುಗೋಲು ಹಿಡಿದು ಬಾಳೆ ಎಲೆ ಕೊಯ್ಯಲು ನಿಂತ.

ಭೂಮಿಯ ಮೇಲೆ ಯಾರನ್ನೂ ತಂದೆ ಎನ್ನಬಾರದು ಎಂಬ ಮಾತನ್ನು ಹಿರಿಯಣ್ಣ ಅಕ್ಷರಶಃ ಹಿಡಿದಿದ್ದ. ಹಾಗಾಗಿ ತೋಟದೊಳಗೆ ಅಪ್ಪನನ್ನು ನಾನು ಅಣ್ಣ ಎನ್ನಬೇಕು. ನಮ್ಮ ಕಡೆ ಕೆಲವು ಮನೆಗಳಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದು ಕರೆಯುವುದು ಇದ್ದೇ ಇದೆ, ಹೊರಗಿನವರಿಗೆ ಏನೂ ಅನಿಸುತ್ತಿರಲಿಲ್ಲ. ನನಗೆ ಮಾತ್ರ ಪ್ರತಿಸಲವೂ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಅವ್ವನಿಗೆ ಈ ನಿಯಮ ಇರಲಿಲ್ಲ. ತಾಯಿ ಎನ್ನಬಾರದು ಎಂದು ಗ್ರಂಥದಲ್ಲಿ ಎಲ್ಲೂ ಹೇಳಿಲ್ಲವಂತೆ.

ನಮ್ಮ ಹೊಟ್ಟೆ ತುಂಬುತ್ತಿದ್ದುದು ಎಲೆಯಿಂದ. ಹೊಸಪೇಟೆಯ ಖಾನಾವಳಿಗಳಿಗೂ ಹಂಪಿಯ ಹೋಟೆಲುಗಳಿಗೂ ದಿನಾ ಬೆಳಿಗ್ಗೆ ಎಲೆ ಹೋಗಬೇಕು. ರಸ್ತೆಯ ಮೇಲೆ ಲಾರಿಗಳು ಒಂದರ ಬಾಲಕ್ಕೊಂದು ಮೂತಿ ಹಚ್ಚಿಕೊಂಡು ಹೋಗುತ್ತಲೇ ಇರುತ್ತಿದ್ದವು, ಅವುಗಳ ಕೆಂಪು ಧೂಳು ತೋಟದ ಮೇಲೆ ಇಳಿಯುತ್ತಲೇ ಇರುತ್ತಿತ್ತು. ಕೊಯ್ದ ಎಲೆಯನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಆ ಕೆಲಸ ಹೆಣ್ಣುಮಕ್ಕಳದು. ಬೆಳಿಗ್ಗೆ ಬೆಳ್ಳಗಿದ್ದ ಬಟ್ಟೆ ಮಧ್ಯಾಹ್ನಕ್ಕೆ ಹುರಮಂಜಿನ ಬಣ್ಣಕ್ಕೆ ತಿರುಗುತ್ತಿತ್ತು, ಉಗುರು ಸಂದಿಯ ಕೆಂಪು ಭಾನುವಾರದ ಆರಾಧನೆಗೂ ಹೋಗುತ್ತಿರಲಿಲ್ಲ. ಹರಿದ ಎಲೆ, ಎಷ್ಟು ಒರೆಸಿದರೂ ಕಲೆ ಬಿಡದ ಎಲೆ ನಮ್ಮ ಊಟಕ್ಕೆ.

ಆ ಊಟದ ಸಾಲಿನಲ್ಲಿಯೇ ನಮ್ಮ ಎಲ್ಲ ತೀರ್ಮಾನಗಳೂ ಆಗುತ್ತಿದ್ದವು. ಹೊತ್ತು ಮುಳುಗುವ ಮುನ್ನ ಚಪ್ಪರದಲ್ಲಿ ಎಲೆ ಹಾಕಿ ಕೂರುತ್ತಿದ್ದೆವು. ಹಿರಿಯಣ್ಣನ ಕೈಯಲ್ಲಿ ಒಂದು ಜೋಳದ ರೊಟ್ಟಿ. ಅದನ್ನು ಮುರಿದು ಸಾಲಿಗೆಲ್ಲ ಹಂಚಿದ ಮೇಲೆಯೇ ಊಟ. ಮೆತ್ತಗಿನ ರೊಟ್ಟಿ ಹರಿಯುತ್ತದೆಯೇ ಹೊರತು ಮುರಿಯುವುದಿಲ್ಲ ಎಂದು ಹಿಂದಿನ ದಿನದ ಕಟಿ ರೊಟ್ಟಿಯೇ ಆಗಬೇಕಿತ್ತು ಆತನಿಗೆ. ಮುರಿಯುವ ಮೊದಲು ಕೇಳುತ್ತಿದ್ದ.

"ಯಾರದರ ಏನರ ಐತೇನ್ರಿ?"

ಇದ್ದವರು ಹೇಳಬೇಕು. ಹೊಸ ಬೋರು ತೆಗೆಸುವುದಿರಲಿ, ಯಾರದೋ ಮಗಳ ಮದುವೆಯಿರಲಿ, ಮೊದಲ ಶಿಷ್ಯರು ಒಂದೇ ಮನಸ್ಸಿನಲ್ಲಿ ಇದ್ದಂತೆ ಎಲ್ಲರ ಮನಸ್ಸೂ ಒಂದಾಗಬೇಕು. ಸಾಲಿನ ಆ ತುದಿಯಿಂದ ಒಬ್ಬೊಬ್ಬರೇ ಆಮೆನ್ ಅನ್ನುತ್ತ ಬರಬೇಕು. ಮಾತೆತ್ತಿದವರು ಎಲ್ಲರ ಕೊನೆಗೆ ತಮ್ಮ ಆಮೆನ್ ಹೇಳಬೇಕು. ನಡುವೆ ಒಬ್ಬರು ಸುಮ್ಮನಿದ್ದರೂ ಆ ಮಾತು ಅಲ್ಲಿಗೆ ನಿಂತಿತು. ಮುಂದಿನ ಪುನರುತ್ಥಾನದ ಹಬ್ಬದ ಸಂಜೆಯವರೆಗೆ ಮತ್ತೆ ಎತ್ತುವಂತಿಲ್ಲ. ಯಾಕೆ ಸುಮ್ಮನಿದ್ದಿ ಎಂದು ಯಾರೂ ಕೇಳುವಂತಿಲ್ಲ. ಯಾರ ಕೋರಿಕೆಗೂ ಬೇಡ ಎನ್ನುವ ಮಾತನ್ನು ನಾನು ಆ ಸಾಲಿನಲ್ಲಿ ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ನನಗೆ ಆ ಮಾತಿನ ಮೇಲೆ ಈಗಲೂ ಪ್ರೀತಿ. ಬೇಡ ಅಂದವರ ಜೊತೆ ಜಗಳವಾಡಬಹುದು.

ಆಮೆನ್ ಸಿಗದೆಯೂ ಎದ್ದು ಹೋದವರಿದ್ದರೆ ಅವರಿಗೂ ಬೈಗುಳವಿಲ್ಲ. ಅವರ ಎಲೆಯನ್ನು ಮಾತ್ರ ಪ್ರತಿ ಸಂಜೆ ಅವರ ಜಾಗದಲ್ಲಿ ಹಾಕುತ್ತಿದ್ದೆವು. ಒರೆಸಿ, ನೀರು ಚಿಮುಕಿಸಿ, ರೊಟ್ಟಿಯ ಚೂರಿಟ್ಟು. ಊಟವಾದ ಮೇಲೆ ನಾವು ನಮ್ಮ ನಮ್ಮ ಎಲೆ ಮಡಚಿ ಏಳುತ್ತಿದ್ದೆವು. ಅದನ್ನು ಮಡಚುವಂತಿಲ್ಲ, ಉಂಡವರಿಲ್ಲವಲ್ಲ. ಹಾಗೆಯೇ ಒಯ್ದು ಹಸುವಿನ ಮುಂದೆ ಹಾಕುತ್ತಿದ್ದೆವು. ನಾನು ಕಂಡಷ್ಟು ಕಾಲ ಅಲ್ಲಿ ಅಂಥ ಎಲೆ ಒಂದೇ ಇತ್ತು. ಅದು ಅಜ್ಜಿಯ ಮಗನದು.

ಅಜ್ಜಿ ನಮಗೆ ರಕ್ತಸಂಬಂಧವಲ್ಲ. ತೋಟಕ್ಕೆ ಮೊದಲು ಬಂದವರಲ್ಲಿ ಒಬ್ಬಳು. ಎರಡೂ ಕಣ್ಣಿನ ಬೆಳಕು ಹೋಗಿತ್ತು, ನಾಲಿಗೆಯ ಹರಿತ ಹೋಗಿರಲಿಲ್ಲ. ನಾನು ಬಂದ ವರ್ಷವೇ ಅವಳ ಆರೈಕೆ ನನ್ನ ಪಾಲಿಗೆ ಬಂತು. ಸ್ನಾನ ಮಾಡಿಸುವುದು, ತಲೆ ಬಾಚುವುದು, ಸಂಜೆ ಕೈ ಹಿಡಿದು ತಂದು ಸಾಲಿನ ಈ ತುದಿಯಲ್ಲಿ ಕೂರಿಸುವುದು. ಅವಳ ಎಡಕ್ಕೆ ಮಗನ ಖಾಲಿ ಎಲೆ, ಬಲಕ್ಕೆ ತೀರಾ ತುದಿಯಲ್ಲಿ ನಾನು. ತನ್ನ ಪಾಲಿನ ಚೂರನ್ನು ಎರಡು ಮಾಡಿ ಮಗನ ಎಲೆಗೆ ಇಡುತ್ತಿದ್ದವಳು ಅವಳೇ. ಅವಳ ಮಗ ಟಿಪ್ಪರ್ ಓಡಿಸಲು ಹೋಗುತ್ತೇನೆಂದು ಕೇಳಿದ್ದನಂತೆ, ಯಾರೋ ಒಬ್ಬರು ಸುಮ್ಮನಿದ್ದರಂತೆ, ಮರುದಿನವೇ ಎದ್ದು ಹೋದನಂತೆ. ಇದು ನಾವು ಬರುವುದಕ್ಕೂ ಮೊದಲಿನ ಮಾತು. ಆಗಾಗ ಸುದ್ದಿ ಬರುತ್ತಿತ್ತು. ವಡ್ಡು ಗ್ರಾಮದ ಕಡೆ ಯಾವುದೋ ಕಾರ್ಖಾನೆಯಲ್ಲಿದ್ದಾನೆ ಎನ್ನುವವರು, ಮರಿಯಮ್ಮನಹಳ್ಳಿಯ ಧಾಬಾದಲ್ಲಿ ಕಂಡೆ ಎನ್ನುವವರು. ಅಜ್ಜಿ ಕೇಳಿಸಿಕೊಂಡು, "ಉಣ್ಣಾಕತ್ತಿದ್ನೇನು?" ಎಂದಷ್ಟೇ ಕೇಳುತ್ತಿದ್ದಳು.

ಪಿಯುಸಿ ಮುಗಿದ ಮೇಲೆ ನನಗೆ ನರ್ಸಿಂಗ್ ಓದಬೇಕೆನಿಸಿತು. ಬಳ್ಳಾರಿಯಲ್ಲಿ ಅದನ್ನೇ ಓದುತ್ತಿದ್ದ, ನನಗಿಂತ ಒಂದು ತರಗತಿ ಮುಂದಿದ್ದ ಗೆಳತಿ ಹೊಸಪೇಟೆಯ ಮಾರುಕಟ್ಟೆಯಲ್ಲಿ ಸಿಕ್ಕು, ಸೂಜಿ ಚುಚ್ಚುವುದನ್ನು ನನ್ನ ತೋಳಿನ ಮೇಲೆ ಬೆರಳಿಟ್ಟು ತೋರಿಸಿದ್ದಳು. ಅವಳ ಉಗುರುಗಳು ಬೆಳ್ಳಗಿದ್ದವು. ಆಸೆಗೆ ದೊಡ್ಡ ಕಾರಣ ಬೇಕಾಗುವುದಿಲ್ಲ. ಅಜ್ಜಿಯ ಬೆನ್ನಿನ ಹುಣ್ಣನ್ನು ತೊಳೆದು ವಾಸಿಮಾಡಿದ್ದು ನಾನೇ. ಆ ಕೆಲಸ ನನಗೆ ಬರುತ್ತದೆ ಎಂದು ಗೊತ್ತಿತ್ತು. ಎಲೆ ಒರೆಸುತ್ತಲೇ ಮುದುಕಿಯಾಗುತ್ತೇನೆ ಎಂಬ ಭಯವೂ ಇತ್ತು.

ಆ ವರ್ಷದ ಹಬ್ಬದ ಸಂಜೆ ಕೇಳಿದೆ. ಹಿರಿಯಣ್ಣನ ಮುಖ ಅರಳಿತು. ಸಾಲಿನ ಆ ತುದಿಯಿಂದ ಆಮೆನ್ ಬರತೊಡಗಿತು. ಅಪ್ಪ ತಲೆ ತಗ್ಗಿಸಿ ಅಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅಂದಳು. ಕೊನೆಗೆ ಆಮೆನ್ ಆ ಖಾಲಿ ಎಲೆಯನ್ನು ದಾಟಿ ಅಜ್ಜಿಯ ಹತ್ತಿರ ಬಂದು ನಿಂತಿತು. ಅಜ್ಜಿ ಸುಮ್ಮನಿದ್ದಳು. ಕಿವಿ ಕೇಳಿಸಲಿಲ್ಲವೇನೋ ಎಂದು ಹಿರಿಯಣ್ಣ ಇನ್ನೊಮ್ಮೆ ಜೋರಾಗಿ ಹೇಳಿದ. ಅವಳ ಕಿವಿಗೆ ಏನೂ ಆಗಿರಲಿಲ್ಲ. ಹಿರಿಯಣ್ಣ ರೊಟ್ಟಿ ಮುರಿದ. ಆ ಚೂರನ್ನು ಅಜ್ಜಿಯ ಕೈಗೆ ಇಡಬೇಕಾದವಳೂ ನಾನೇ. ಇಟ್ಟೆ.

ಮರುದಿನ ತಲೆ ಬಾಚುವಾಗ ನಿಯಮವೆಲ್ಲ ಗಾಳಿಗೆ ತೂರಿ ಕೇಳಿದೆ.

"ಯಾಕ ಸುಮ್ನಿದ್ದಿ?"

"ನಿನ್ನ ಕೈ ಹಗುರ ಐತಿ," ಎಂದಳು. "ಬ್ಯಾರೇದವ್ರು ಬಾಚಿದ್ರ ನನಗ ತಲಿ ನೋಯ್ತೈತಿ."

"ನಿನ್ನ ತಲಿ ನೋಯ್ತೈತಂತ ನಾ ಇಲ್ಲೇ ಸಾಯ್ಬೇಕಾ?"

"ಸಾಯಾಕ ಯಾಕ ಹೋಗ್ತಿ? ಉಣ್ಣು, ತಿನ್ನು, ಇರು."

ಬಾಚಣಿಗೆ ಎಸೆದು ಹೊರಗೆ ಹೋದೆ. ಅರ್ಧ ಬಾಚಿದ ತಲೆಯಲ್ಲಿ ಅವಳು ಹೊಸಿಲ ಮೇಲೆ ಕೂತೇ ಇದ್ದಳು. ಬೇರೆ ಯಾರೋ ಬಾಚಲು ಬಂದರೆ ಬೇಡ ಅಂದಳಂತೆ. ಊಟದ ಹೊತ್ತಿಗೆ ನಾನೇ ಹೋಗಿ ಜಡೆ ಹಾಕಿದೆ. ನನ್ನ ಸಿಟ್ಟಿನ ಆಯುಸ್ಸು ಅಷ್ಟೇ ಇತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಆ ಬೇಸಿಗೆ ಹಂಪಿ ನೋಡಲು ಬಂದ ವಿದೇಶಿ ಹೆಂಗಸೊಬ್ಬಳು ಎಲೆ ಗಾಡಿಯ ಜೊತೆಗೇ ನಮ್ಮ ತೋಟಕ್ಕೆ ಬಂದು ಕೆಲವು ದಿನ ಉಳಿದಳು. ನಮ್ಮ ಊಟದ ಸಾಲು ನೋಡಿ ಅವಳ ಕಣ್ಣಲ್ಲಿ ನೀರು. ಇಂಥ ಶಾಂತಿ ಜಗತ್ತಿನಲ್ಲಿ ಎಲ್ಲೂ ಇಲ್ಲ ಎಂದು ನನ್ನ ಕೆಂಪು ಕೈ ಹಿಡಿದು ಹೇಳಿದಳು. ನೀನು ಇಲ್ಲಿರು, ನಿನ್ನ ಬ್ಯಾಗ್ ನನಗೆ ಕೊಡು ಎಂದು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಹೇಳಲಿಲ್ಲ. ಅವಳು ಹೋದ ಮೇಲೆ ಎಲೆ ಒರೆಸುತ್ತ ಅದೇ ಮಾತನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ತೋಟ ಸಾಕಾಗಿಹೋಗಿತ್ತು. ಒಂದು ಬೆಳಿಗ್ಗೆ ಎಲೆಯ ಕಟ್ಟು ಹೊಸಪೇಟೆಯಲ್ಲಿ ಇಳಿಸಿದವಳು ತೋಟದ ಗಾಡಿ ಹತ್ತಲಿಲ್ಲ. ಕಂಪ್ಲಿ ಬಸ್ ಹತ್ತಿದೆ. ಕಂಪ್ಲಿಯಾಚೆ ಮೆಟ್ರಿಯಲ್ಲಿ ನನ್ನ ಸೋದರಮಾವನ ಮನೆ. ಭತ್ತದ ಗದ್ದೆಗಳ ನಡುವೆ ಬಸ್ ಹೋಗುವಾಗ ಕಿಟಕಿಯಲ್ಲಿ ಕಂಡ ಹಸಿರಿಗೆ ಧೂಳೇ ಇರಲಿಲ್ಲ. ನೋಡುತ್ತ ಅಳು ಬಂತು.

ಮಾವ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದೇ ನಿಂತ.

"ಬಾರವ್ವ, ಕುಂದ್ರು. ಊರಿಗೆಲ್ಲ ಲಕ್ಷ್ಮಿ ಬರೂ ಹೊತ್ನ್ಯಾಗ ನಿಮ್ಮಪ್ಪ ಬಾಗ್ಲಾ ಹಾಕ್ಕೊಂಡು ಕುಂತ. ನೀ ಏನ್ ಪಾಪ ಮಾಡೀದಿ?"

ಅತ್ತೆ ಬಿಸಿ ಅನ್ನ ಬಡಿಸಿದಳು. ನಾನು ನರ್ಸಿಂಗ್ ಎನ್ನುವ ಮೊದಲೇ ಮಾವ ಮಾತು ಮುಂದುವರಿಸಿದ. ಸಂಡೂರಿನ ಕಡೆ ಒಬ್ಬ ಹುಡುಗ ಇದ್ದಾನೆ, ಸ್ವಂತ ಟಿಪ್ಪರುಗಳು, ಹೊಸ ಮನೆಗೆ ಒಳಗೂ ಹೊರಗೂ ಟೈಲ್ಸ್.

"ಮಸ್ತ್ ಸಂಬಂಧ. ಜಲ್ದಿ ಮುಗಿಸಿಬಿಡೂಣು," ಎಂದ.

"ನಾ ಓದಬೇಕಂತೀನಿ, ಮಾವ."

"ಟಿಪ್ಪರ್ ಇದ್ದವನ ಹೆಂಡ್ತಿಗೆ ಓದು ಯಾಕ ಬೇಕು?" ಎಂದು ಅತ್ತೆ ನಕ್ಕಳು. ನಕ್ಕು, ಬೆರಳಲ್ಲಿ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು. "ಅವ್ರು ನೋಡಾಕ ಬಂದಾಗ ಬೋಳು ಹಣಿ ಇರಬಾರ್ದು."

ಅತ್ತೆಯ ಕೈಯಲ್ಲೂ ಪ್ರೀತಿಯೇ ಇತ್ತು. ಇಲ್ಲಿ ನನ್ನನ್ನು ಕೇಳುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ, ನೇರ ಹಣೆಗೆ ಕೈ. ಒಂದು ಕೊಟ್ಟಿಗೆ ಬಿಟ್ಟು ಇನ್ನೊಂದಕ್ಕೆ ನಾನೇ ನಡೆದು ಬಂದಿದ್ದೆ. ಅವ್ವನಿಗೆ ಹೇಳಿ ಬರುತ್ತೇನೆಂದು ಎದ್ದು, ಮಧ್ಯಾಹ್ನದ ಬಸ್ ಹಿಡಿದೆ. ದಾರಿಯಲ್ಲಿ ವಿಭೂತಿ ಒರೆಸಿಕೊಂಡೆ. ಒರೆಸುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತಲ್ಲ.

ತೋಟಕ್ಕೆ ಬಂದಾಗ ಸಾಲು ಆಗಲೇ ಕೂತಿತ್ತು. ಬಾಳೆಗಳ ಮರೆಯಲ್ಲಿ ನಿಂತು ನೋಡಿದೆ. ನಾನು ಯಾರಿಗೂ ಹೇಳದೆ ಹೋದವಳು. ನಿಯಮದಂತೆ ನನ್ನ ಎಲೆಯನ್ನೂ ಹಾಕಿದ್ದರು. ಒರೆಸಿ, ನೀರು ಚಿಮುಕಿಸಿ, ರೊಟ್ಟಿಯ ಚೂರಿಟ್ಟು. ಎಡಕ್ಕೆ ಮಗನ ಎಲೆ, ಬಲಕ್ಕೆ ನನ್ನದು, ನಡುವೆ ಅಜ್ಜಿ. ಅವಳ ಒಂದು ಕೈ ಆ ಎಲೆಯ ಮೇಲೆ, ಇನ್ನೊಂದು ಕೈ ಈ ಎಲೆಯ ಮೇಲೆ. ತನ್ನ ಮುಂದಿನ ಊಟ ಮುಟ್ಟಿರಲಿಲ್ಲ. ನಾನು ಹೋಗಿ ನನ್ನ ಎಲೆಯ ಮುಂದೆ ಕೂತೆ. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಅವ್ವ ಸಾರು ಬಡಿಸಿದಳು. ಅಜ್ಜಿ ನನ್ನ ಮಣಿಕಟ್ಟನ್ನು ತಡಕಿ ಹಿಡಿದು, ಮುಟ್ಟಿ ನೋಡಿ, ಬಿಟ್ಟು, ಉಣ್ಣತೊಡಗಿದಳು.

ಮರುದಿನ ಹೊಸಿಲ ಮೇಲೆ ಕೂತು ತಲೆ ಒಡ್ಡಿದವಳು ತಾನಾಗಿಯೇ ಹೇಳಿದಳು.

"ನನ್ನ ಮಗ ಕೇಳಿದಾಗ ಸುಮ್ನಿದ್ದಾಕಿ ನಾನ."

ಬಾಚಣಿಗೆ ಕೆಳಗಿಟ್ಟೆ.

"ಎಲ್ಲಾರೂ ಆಮೆನ್ ಅಂದಿದ್ರು. ನಾ ಅನ್ನಲಿಲ್ಲ. ನಾ ಅನ್ನದಿದ್ರ ಅವ ಹೋಗಂಗಿಲ್ಲಂತ ತಿಳಿದಿದ್ದೆ. ಅಂದಿದ್ರ, ಹಬ್ಬಕ್ಕರ ಬರ್ತಿದ್ದ. ಈಗ ಯಾವ ಮುಖ ಇಟ್ಕೊಂಡು ಬರ್ತಾನ?"

ಆಮೆನ್ ಪಡೆದು ಹೋದವರು ಬಂದು ಹೋಗಿ ಮಾಡುತ್ತಿದ್ದರು, ಅವರಿಗೆ ಎಲೆ ಕಾಯುವವರಿರಲಿಲ್ಲ. ಪಡೆಯದೆ ಹೋದವನಿಗೆ ಮಾತ್ರ ದಿನವೂ ಎಲೆ. ಕರೆಯುತ್ತಿದ್ದೇವೆ ಎಂದುಕೊಂಡು ಹಾಕುತ್ತಿದ್ದ ಆ ಎಲೆಯೇ ಅವನನ್ನು ಬಾಗಿಲಾಚೆ ನಿಲ್ಲಿಸಿತ್ತು. ಇದು ನನಗೆ ಅಂದು ಹೊಳೆಯಿತು. ಜಡೆ ಬಿಗಿಯಾಗದಂತೆ ಹೆಣೆದು ಗಂಟು ಹಾಕಿದೆ.

ಅಲ್ಲಿಂದ ಮುಂದಿನ ಹಬ್ಬದವರೆಗೆ ನಾನು ಓದಿನ ಮಾತೆತ್ತಲಿಲ್ಲ. ಕೇಳಬಾರದು ಎಂದೇ ತೀರ್ಮಾನ ಮಾಡಿದ್ದೆ. ಅವಳ ಸುಮ್ಮನಿರುವಿಕೆಯನ್ನು ಇನ್ನೊಮ್ಮೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಎದ್ದು ಹೋಗಿ, ಎರಡು ಎಲೆಗಳ ನಡುವೆ ಅವಳನ್ನು ಕೂರಿಸುವ ಗಟ್ಟಿತನವೂ ಇರಲಿಲ್ಲ. ಲಾರಿಗಳು ಹೆಚ್ಚಾದವು. ಎಲೆಗಳು ಇನ್ನೂ ಕೆಂಪಾದವು. ನಾನು ಒರೆಸಿದೆ.

ಹಬ್ಬದ ಸಂಜೆ ಬಂತು. ಹಿರಿಯಣ್ಣ ಕಟಿ ರೊಟ್ಟಿ ಹಿಡಿದು ಕೇಳಿದ.

"ಯಾರದರ ಏನರ ಐತೇನ್ರಿ?"

ನಾನು ನೆಲ ನೋಡುತ್ತ ಕೂತಿದ್ದೆ. ಪಕ್ಕೆಗೆ ಮೊಣಕೈ ತಿವಿಯಿತು.

"ಕೇಳಲೇ," ಎಂದಳು ಅಜ್ಜಿ.

"ಬ್ಯಾಡ ಬಿಡು."

"ಕೇಳಂದ್ರ ಕೇಳು."

ಸಾಲಿಗೆಲ್ಲ ಕೇಳಿಸಿತ್ತು. ಕೇಳಿದೆ. ಆ ತುದಿಯಿಂದ ಆಮೆನ್ ಹೊರಟಿತು. ಅಪ್ಪ ಈ ಸಲ ತಲೆ ಎತ್ತಿ ಅಂದ. ಅವ್ವ ಅಂದಳು. ಖಾಲಿ ಎಲೆಯನ್ನು ದಾಟಿತು. ನಾನು ಕಣ್ಣು ಮುಚ್ಚಿಕೊಂಡೆ.

"ಆಮೆನ್."

ಅಜ್ಜಿಯ ದನಿ ಒರಟಾಗಿತ್ತು, ಬೈದ ಹಾಗಿತ್ತು. ಕಣ್ಣು ತೆರೆದಾಗ ಅವಳು ಎಡಕ್ಕೆ ಬಾಗಿ, ತಡಕಿ, ಮಗನ ಎಲೆಯ ಅಂಚು ಹಿಡಿದಿದ್ದಳು. ಅದನ್ನು ನಿಧಾನವಾಗಿ ತನ್ನ ಕಡೆಗೆ ಮಡಚಿದಳು, ಉಂಡು ಮುಗಿಸಿದ ಎಲೆಯನ್ನು ಮಡಚುವ ಹಾಗೆ. ಆ ಎಲೆಯನ್ನು ಯಾರೂ ಎಂದೂ ಮಡಚಿರಲಿಲ್ಲ. ಹಿರಿಯಣ್ಣ ತಡೆಯಲಿಲ್ಲ.

ಇನ್ನು ಉಳಿದದ್ದು ನನ್ನ ಆಮೆನ್ ಒಂದೇ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಇಷ್ಟು ವರ್ಷ ಯಾವುದಕ್ಕಾಗಿ ಒಳಗೊಳಗೇ ಹಲ್ಲು ಕಡಿದಿದ್ದೆನೋ ಅದು ಎದುರಿಗಿತ್ತು, ಆದರೆ ಆಮೆನ್ ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಬೆಳ್ಳಗಿನ ತಲೆ, ನಾನು ಬೆಳಿಗ್ಗೆ ಹಾಕಿದ ಜಡೆ, ಮಡಚಿದ ಎಲೆಯ ಮೇಲೆ ಇಟ್ಟ ಕೈ. ನಾನು ಸುಮ್ಮನಿದ್ದರೆ ಮುಗಿಯಿತು, ಇನ್ನೊಂದು ವರ್ಷ ಯಾರೂ ಏನೂ ಕೇಳುವುದಿಲ್ಲ.

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ದನಿ ತಗ್ಗಿಸಿ, ನನಗಷ್ಟೇ ಕೇಳಿಸುವಂತೆ ಹೇಳಿದಳು.

"ಅನ್ನು. ನೀ ಇವತ್ತು ಸುಮ್ನ ಕುಂತ್ರ ಒಂದಿನ ಹೇಳದ ಹೋಗ್ತಿ. ನನಗ ಗೊತ್ತೈತಿ. ಎರಡು ಎಲಿ ಕಾಯಾಕ ನನ್ನ ಕೈಲಿ ಆಗಂಗಿಲ್ಲವ್ವ."

ಆಮೆನ್ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಹಿರಿಯಣ್ಣನಿಗೆ ಕೇಳಿಸಿತೆಂದು ಕಾಣುತ್ತದೆ, ರೊಟ್ಟಿ ಮುರಿದ ಸದ್ದಾಯಿತು. ಚೂರುಗಳು ಸಾಲಿನಲ್ಲಿ ಕೈಯಿಂದ ಕೈಗೆ ಬಂದವು. ಅಜ್ಜಿಯ ಅಂಗೈ ಬಿಡಿಸಿ ಅವಳ ಪಾಲನ್ನು ಇಟ್ಟೆ. ಅವಳು ಅದನ್ನು ಎರಡು ಮಾಡಿ, ಒಂದನ್ನು ಅಭ್ಯಾಸದಂತೆ ಎಡಕ್ಕೆ ಚಾಚಿದಳು. ಅಲ್ಲಿ ಎಲೆ ಮಡಚಿತ್ತು. ಚೂರು ಹಿಡಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು, ಆಮೇಲೆ ತಿರುಗಿ ನನ್ನ ಎಲೆಯ ಕಡೆ ಬಂತು.